ಆಡಿಟರ್ ಯಾರ ಕಡೆ? ವಾರ್ಷಿಕ ವರದಿ ಹಿಡಿದು ಷೇರುದಾರರೇ ಪರೀಕ್ಷಿಸುವ ಬಗೆ

ಷೇರು ಕೊಳ್ಳುವಾಗ ಬೆಲೆ ನೋಡುತ್ತೇವೆ. ಲಾಭ ನೋಡುತ್ತೇವೆ. ಟಿವಿಯಲ್ಲಿ ಯಾರೋ ಹೇಳಿದ ಟಾರ್ಗೆಟ್ ಕೂಡ ನೋಡುತ್ತೇವೆ. ಆ ಲಾಭದ ಲೆಕ್ಕ ಸರಿಯಿದೆ ಎಂದು ಸಹಿ ಹಾಕಿದವರು ಯಾರು, ಅವರಿಗೆ ಕಂಪನಿಯ ಜೊತೆ ಬೇರೆ ಏನು ವ್ಯವಹಾರವಿದೆ ಎಂದು ನೋಡುವವರು ಮಾತ್ರ ತುಂಬ ಕಡಿಮೆ. ಇದನ್ನು ನೋಡಲು ಚಾರ್ಟರ್ಡ್ ಅಕೌಂಟೆಂಟ್ ಆಗಿರಬೇಕಿಲ್ಲ. ಬೇಕಾದ ಮಾಹಿತಿಯಲ್ಲಿ ಹೆಚ್ಚಿನದು ವಾರ್ಷಿಕ ವರದಿಯಲ್ಲೇ ಇರುತ್ತದೆ. ಎಲ್ಲಿದೆ ಎಂದು ಗೊತ್ತಿರಬೇಕು, ಅಷ್ಟೇ.

ಯಾಕೆ ನೋಡಬೇಕು ಎಂಬುದಕ್ಕೆ ಸತ್ಯಂ ಒಂದೇ ಸಾಕು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಠೇವಣಿ ಎಂದು ತೋರಿಸಿದ್ದು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಹಣಕ್ಕೆ 376 ಕೋಟಿ ಬಡ್ಡಿಯನ್ನೂ ತೋರಿಸಿದ್ದರು. ಬ್ಯಾಂಕಿನಲ್ಲಿ ಹಣ ಇದೆಯೇ ಎಂದು ತಿಳಿಯುವ ದಾರಿ ಸರಳ: ಆಡಿಟರ್ ತಾನೇ ಬ್ಯಾಂಕಿಗೆ ಬರೆದು, ಉತ್ತರವನ್ನು ನೇರವಾಗಿ ತಾನೇ ಪಡೆಯಬೇಕು. ಅಮೆರಿಕದ ನಿಯಂತ್ರಕರು 2011ರಲ್ಲಿ, ಸತ್ಯಂನ ಆಡಿಟ್ ಮಾಡಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತದ ಸಂಸ್ಥೆಗಳಿಗೆ ಒಟ್ಟು 75 ಲಕ್ಷ ಡಾಲರ್ ದಂಡ ಹಾಕಿದಾಗ ಎತ್ತಿ ತೋರಿಸಿದ್ದು ಇದೇ ಲೋಪವನ್ನು. ಬ್ಯಾಂಕಿನ ಖಾತರಿ ಪತ್ರ ತರಿಸುವ ಕೆಲಸವನ್ನು ಆಡಿಟರ್‌ಗಳು ತಮ್ಮ ಕೈಯಲ್ಲಿ ಇಟ್ಟುಕೊಂಡಿರಲಿಲ್ಲ.

ಕಂಪನಿ ಕೊಟ್ಟ ಕಾಗದವನ್ನೇ ಆಡಿಟರ್ ನಂಬಿದರೆ ಆಡಿಟ್ ಯಾಕೆ ಬೇಕು? ಆದರೂ ನಂಬುವ ಒತ್ತಡ ಇದ್ದೇ ಇರುತ್ತದೆ. ಯಾಕೆಂದರೆ ಈ ವ್ಯವಸ್ಥೆಯಲ್ಲೇ ಒಂದು ತೊಡಕಿದೆ. ಆಡಿಟರ್ ಕೆಲಸ ಮಾಡಬೇಕಾದದ್ದು ಷೇರುದಾರರ ಪರವಾಗಿ. ಫೀಸು ಕೊಡುವುದು ಕಂಪನಿ. ಹೆಸರು ಸೂಚಿಸುವುದು ಆಡಳಿತ ಮಂಡಳಿ. ಮತ ಹಾಕಿ ನೇಮಿಸುವುದು ಷೇರುದಾರರೇ ಆದರೂ ನಮ್ಮಲ್ಲಿ ಬಹಳಷ್ಟು ಕಂಪನಿಗಳಲ್ಲಿ ದೊಡ್ಡ ಪಾಲು ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರ ಕೈಯಲ್ಲೇ ಇರುತ್ತದೆ. ಉತ್ತರಪತ್ರಿಕೆ ತಿದ್ದುವವರಿಗೆ ಸಂಬಳ ಕೊಡುವವನು ಪರೀಕ್ಷೆ ಬರೆದ ಹುಡುಗನೇ ಆದ ಹಾಗೆ. 2013ರ ಕಂಪನಿ ಕಾಯ್ದೆ, ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮಗಳು, ಆಡಿಟರ್‌ಗಳ ಮೇಲೆ ಕಣ್ಣಿಡಲು 2018ರ ಅಕ್ಟೋಬರ್ 1ರಂದು ಹುಟ್ಟಿದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಅಂದರೆ ಎನ್‌ಎಫ್‌ಆರ್‌ಎ, ಇವೆಲ್ಲ ಆ ತೊಡಕಿಗೆ ಹಾಕಿದ ಲಗಾಮುಗಳು. ಲಗಾಮು ಕೆಲಸ ಮಾಡುತ್ತಿದೆಯೇ ಎಂದು ನಾವೂ ನೋಡಬಹುದು.

ಮೊದಲು ಕಾಗದಪತ್ರ ಕೂಡಿಸಿಕೊಳ್ಳಿ

ನಿಮ್ಮ ಕಂಪನಿಯ ಕೊನೆಯ ಮೂರು ವರ್ಷದ ವಾರ್ಷಿಕ ವರದಿಗಳನ್ನು ಇಳಿಸಿಕೊಳ್ಳಿ. ಒಂದೇ ವರ್ಷದ ವರದಿ ಸಾಲದು, ಏಕೆಂದರೆ ಇಲ್ಲಿ ನಾವು ಹುಡುಕುವುದು ಬದಲಾವಣೆಯನ್ನು. ಲಿಸ್ಟೆಡ್ ಕಂಪನಿಯಾದರೆ, ಅಂದರೆ ಅದರ ಷೇರು ಷೇರುಪೇಟೆಯಲ್ಲಿ ವಹಿವಾಟಾಗುತ್ತಿದ್ದರೆ, ಆ ಪೇಟೆಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಲಿಸ್ಟ್ ಆಗದ ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ಅಲ್ಲಿ ಎಒಸಿ-4 ಎಂದರೆ ವರ್ಷದ ಲೆಕ್ಕಪತ್ರ, ಎಡಿಟಿ-1 ಎಂದರೆ ಆಡಿಟರ್ ನೇಮಕ, ಎಡಿಟಿ-3 ಎಂದರೆ ಆಡಿಟರ್ ರಾಜೀನಾಮೆ. ಈ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು.

ವರದಿ ತೆರೆದ ಕೂಡಲೇ ಅಧ್ಯಕ್ಷರ ಪತ್ರ, ಬಣ್ಣದ ಚಿತ್ರಗಳು ಬರುತ್ತವೆ. ಅವನ್ನು ದಾಟಿ ಸೀದಾ 'ಇಂಡಿಪೆಂಡೆಂಟ್ ಆಡಿಟರ್ಸ್ ರಿಪೋರ್ಟ್' ಇರುವ ಪುಟಕ್ಕೆ ಹೋಗಿ. ಆ ವರದಿ ಎರಡು ಕಡೆ ಇರುತ್ತದೆ. ಒಂದು ಕಂಪನಿಯೊಂದರದೇ ಲೆಕ್ಕಕ್ಕೆ, ಇನ್ನೊಂದು ಅಂಗಸಂಸ್ಥೆಗಳನ್ನೂ ಸೇರಿಸಿದ ಒಟ್ಟು ಲೆಕ್ಕಕ್ಕೆ. ಎರಡನ್ನೂ ಓದಬೇಕು.

ಸಹಿ ಯಾರದು, ಎಷ್ಟು ವರ್ಷದಿಂದ

ವರದಿಯ ಕೊನೆಯಲ್ಲಿ ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ, ಸಹಿ ಮಾಡಿದ ಪಾಲುದಾರರ ಹೆಸರು, ಅವರ ಸದಸ್ಯತ್ವ ಸಂಖ್ಯೆ, ಯುಡಿಐಎನ್ ಇರುತ್ತವೆ. ಯುಡಿಐಎನ್ ಎಂದರೆ 18 ಅಕ್ಷರ-ಅಂಕಿಗಳ ಗುರುತು ಸಂಖ್ಯೆ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯಾದ ಐಸಿಎಐನ ಯುಡಿಐಎನ್ ಪೋರ್ಟಲ್‌ನಲ್ಲಿ ಅದನ್ನು ಹಾಕಿದರೆ ಆ ಸಹಿ ಅಸಲಿಯೇ ಎಂದು ತಿಳಿಯುತ್ತದೆ. ದೊಡ್ಡ ಲಿಸ್ಟೆಡ್ ಕಂಪನಿಗಳಲ್ಲಿ ಇದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಯಾರೋ ಪರಿಚಯದವರು ತಮ್ಮ ಖಾಸಗಿ ಕಂಪನಿಗೆ ಹಣ ಹಾಕಿ ಎಂದು ಆಡಿಟ್ ಆದ ಬ್ಯಾಲೆನ್ಸ್ ಶೀಟ್ ಕಳಿಸಿದರೆ ಮಾತ್ರ ಇದನ್ನು ತಪ್ಪದೇ ಮಾಡಿ. ಎರಡು ನಿಮಿಷದ ಕೆಲಸ.

ಆಮೇಲೆ ವರ್ಷ ಎಣಿಸಿ. ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ ಲಿಸ್ಟೆಡ್ ಕಂಪನಿಯಲ್ಲಿ ಒಂದು ಆಡಿಟ್ ಸಂಸ್ಥೆ ತಲಾ 5 ವರ್ಷದ ಎರಡು ಅವಧಿ, ಒಟ್ಟು 10 ವರ್ಷ ಇರಬಹುದು. ಒಬ್ಬರೇ ಆಡಿಟರ್ ಆದರೆ 5 ವರ್ಷ ಮಾತ್ರ. ಆ ನಂತರ 5 ವರ್ಷ ದೂರ ಇರಬೇಕು. ಈ ನಿಯಮದಿಂದಾಗಿ 2017ರ ಸುಮಾರಿಗೆ ದೇಶದ ಅನೇಕ ದೊಡ್ಡ ಕಂಪನಿಗಳು ಆಡಿಟರ್ ಬದಲಿಸಿದವು. ನಮ್ಮ ಇನ್ಫೋಸಿಸ್ ಕೂಡ ಆ ವರ್ಷವೇ ಬದಲಿಸಿತು.

ಹಾಗಂತ ಬದಲಾವಣೆ ಆದ ಮಾತ್ರಕ್ಕೆ ಸ್ವಾತಂತ್ರ್ಯ ಬಂತು ಎಂದು ನಾನು ಒಪ್ಪುವುದಿಲ್ಲ. ಹತ್ತು ವರ್ಷ ಕಂಪನಿಯನ್ನು ಬಲ್ಲ ಸಂಸ್ಥೆ ಹೋಗಿ ಹೊಸಬರು ಬಂದಾಗ ಮೊದಲ ಒಂದೆರಡು ವರ್ಷ ಅವರಿಗೆ ವ್ಯಾಪಾರವೇ ಪೂರ್ತಿ ಅರ್ಥವಾಗಿರುವುದಿಲ್ಲ. ಆ ವರ್ಷಗಳ ವರದಿಯನ್ನು ಇನ್ನೂ ಎಚ್ಚರದಿಂದ ಓದಬೇಕು. ಕಂಪನಿಯ ಗಾತ್ರಕ್ಕೂ ಆಡಿಟ್ ಸಂಸ್ಥೆಯ ಗಾತ್ರಕ್ಕೂ ಹೊಂದಾಣಿಕೆ ಇದೆಯೇ ಎಂದೂ ನೋಡಿ. ಸಾವಿರಾರು ಕೋಟಿ ವಹಿವಾಟಿನ, ಹತ್ತು ರಾಜ್ಯಗಳಲ್ಲಿ ಗೋಡೌನ್ ಇರುವ ಕಂಪನಿಯ ಲೆಕ್ಕವನ್ನು ಇಬ್ಬರು ಮೂವರು ಪಾಲುದಾರರ ಸಂಸ್ಥೆ ಹೇಗೆ ಮುಗಿಸುತ್ತದೆ ಎಂದು ಕೇಳುವುದು ತಪ್ಪಲ್ಲ. ಸಣ್ಣ ಸಂಸ್ಥೆಗಳಲ್ಲೂ ಗಟ್ಟಿ ಜನ ಬೇಕಾದಷ್ಟಿದ್ದಾರೆ. ಪ್ರಶ್ನೆ ಜಾಣತನದ್ದಲ್ಲ. ಆ ಒಂದು ಕಂಪನಿಯ ಫೀಸಿನ ಮೇಲೆ ಆ ಕಚೇರಿ ಎಷ್ಟು ನಿಂತಿದೆ ಎಂಬುದರದ್ದು.

ಫೀಸಿನ ಲೆಕ್ಕ ತೆಗೆಯಿರಿ

ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಸಮಯ ಜಾಸ್ತಿ ಕೊಡಬೇಕಾದ ಜಾಗ ಇದು.

ಅಮೆರಿಕದ ಎನ್ರಾನ್ ಕಂಪನಿ 2000ನೇ ಇಸವಿಯಲ್ಲಿ ತನ್ನ ಆಡಿಟರ್ ಆರ್ಥರ್ ಆಂಡರ್ಸನ್‌ಗೆ ಆಡಿಟ್‌ಗೆಂದು ಕೊಟ್ಟದ್ದು 2.5 ಕೋಟಿ ಡಾಲರ್. ಸಲಹೆ ಮುಂತಾದ ಬೇರೆ ಕೆಲಸಗಳಿಗೆ ಕೊಟ್ಟದ್ದು 2.7 ಕೋಟಿ ಡಾಲರ್. ಲೆಕ್ಕ ತಪ್ಪಿದೆ ಎಂದು ಹೇಳಬೇಕಾದವರು ಅದನ್ನು ಹೇಳಿದರೆ, ಆಡಿಟ್ ಫೀಸಿಗಿಂತ ದೊಡ್ಡ ಮೊತ್ತ ಕೈತಪ್ಪುವ ಸ್ಥಿತಿ. ಮರುವರ್ಷವೇ ಎನ್ರಾನ್ ದಿವಾಳಿಯಾಯಿತು. 2002ರಲ್ಲಿ ಅಲ್ಲಿ ಸರ್ಬೇನ್ಸ್-ಆಕ್ಸ್ಲಿ ಕಾಯ್ದೆ ಬಂತು, ಆಡಿಟರ್‌ಗಳ ಮೇಲೆ ಕಣ್ಣಿಡಲು ಪಿಸಿಎಒಬಿ ಎಂಬ ಸಂಸ್ಥೆ ಹುಟ್ಟಿತು. ಇನ್ಫೋಸಿಸ್, ವಿಪ್ರೋ ಅಮೆರಿಕದ ಪೇಟೆಯಲ್ಲೂ ಲಿಸ್ಟ್ ಆಗಿರುವುದರಿಂದ ಅವುಗಳ ಆಡಿಟರ್‌ಗಳು ಅಲ್ಲಿಯ ನಿಯಮಕ್ಕೂ ಒಳಪಡುತ್ತಾರೆ.

ನಮ್ಮ ಕಾಯ್ದೆಯ 144ನೇ ಸೆಕ್ಷನ್ ಆಡಿಟರ್ ಮಾಡಬಾರದ ಕೆಲಸಗಳನ್ನು ಹೆಸರಿಟ್ಟು ಹೇಳುತ್ತದೆ. ಲೆಕ್ಕ ಬರೆಯುವುದು, ಇಂಟರ್ನಲ್ ಆಡಿಟ್, ಹಣಕಾಸಿನ ಮಾಹಿತಿ ವ್ಯವಸ್ಥೆ ರೂಪಿಸಿ ಕೂರಿಸುವುದು, ಆಕ್ಚುವರಿ ಸೇವೆ (ವಿಮೆ, ಪಿಂಚಣಿಯಂಥ ಮುಂದಿನ ಹೊಣೆಯ ಲೆಕ್ಕ ಹಾಕುವುದು), ಹೂಡಿಕೆ ಸಲಹೆ, ಹೂಡಿಕೆ ಬ್ಯಾಂಕಿಂಗ್, ಹೊರಗುತ್ತಿಗೆಯ ಹಣಕಾಸು ಸೇವೆ, ಆಡಳಿತ ಸೇವೆ. ತಾನೇ ಬರೆದ ಲೆಕ್ಕವನ್ನು ತಾನೇ ಪರೀಕ್ಷಿಸಬಾರದು ಎಂಬುದು ಇದರ ಹಿಂದಿನ ವಿಚಾರ. ಆದರೆ ಈ ಪಟ್ಟಿಯಲ್ಲಿ ತೆರಿಗೆ ಸಲಹೆ ಇಲ್ಲ, ಸರ್ಟಿಫಿಕೇಟ್ ಕೊಡುವ ಕೆಲಸವೂ ಇಲ್ಲ. ಆಡಿಟ್ ಸಮಿತಿ (ಆಡಿಟ್ ವಿಚಾರ ನೋಡಿಕೊಳ್ಳುವ ನಿರ್ದೇಶಕರ ಸಮಿತಿ) ಅಥವಾ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಅವನ್ನು ಮಾಡಬಹುದು. ಇನ್ನೊಂದು ಕಿಂಡಿಯೂ ಇದೆ. ನಿಷೇಧ ಇರುವುದು ಆ ಕಂಪನಿ, ಅದರ ಮಾತೃ ಕಂಪನಿ, ಅದರ ಅಂಗಸಂಸ್ಥೆಗಳಿಗೆ. ಪ್ರವರ್ತಕರ ಕುಟುಂಬದ ಇತರ ಖಾಸಗಿ ಕಂಪನಿಗಳು ಈ ಮೂರರಲ್ಲಿ ಬರದಿದ್ದರೆ ಈ ಸೆಕ್ಷನ್ ಅವುಗಳನ್ನು ಮುಟ್ಟುವುದಿಲ್ಲ.

ಲೆಕ್ಕ ತೆಗೆಯುವುದು ಹೀಗೆ. ವರದಿಯ ಪಿಡಿಎಫ್‌ನಲ್ಲಿ 'ಪೇಮೆಂಟ್ ಟು ಆಡಿಟರ್ಸ್' ಅಥವಾ 'ಆಡಿಟರ್ಸ್ ರೆಮ್ಯುನರೇಷನ್' ಎಂದು ಹುಡುಕಿ. 'ಇತರೆ ವೆಚ್ಚ'ಗಳ ಟಿಪ್ಪಣಿಯಲ್ಲಿ ಸಿಗುತ್ತದೆ. ಆಡಿಟ್‌ಗೆ ಎಷ್ಟು, ತೆರಿಗೆಗೆ ಎಷ್ಟು, ಬೇರೆ ಸೇವೆಗೆ ಎಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ಆಮೇಲೆ ಅದೇ ವಾರ್ಷಿಕ ವರದಿಯಲ್ಲಿರುವ ಕಾರ್ಪೊರೇಟ್ ಗವರ್ನೆನ್ಸ್ (ಕಂಪನಿ ಆಡಳಿತ) ವರದಿಗೆ ಹೋಗಿ. ಕಂಪನಿ ಮತ್ತು ಅದರ ಎಲ್ಲ ಅಂಗಸಂಸ್ಥೆಗಳು ಸೇರಿ, ಆಡಿಟರ್‌ಗೂ ಅವರ ಜಾಲದ ಎಲ್ಲ ಸಂಸ್ಥೆಗಳಿಗೂ ಕೊಟ್ಟ ಒಟ್ಟು ಫೀಸು ಎಷ್ಟು ಎಂದು ಲಿಸ್ಟೆಡ್ ಕಂಪನಿ ಅಲ್ಲಿ ಹೇಳಲೇಬೇಕು. ಸೆಬಿ ನಿಯಮ ಅದು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ಉದಾಹರಣೆಗೆ ಟಿಪ್ಪಣಿಯಲ್ಲಿ ಆಡಿಟ್ ಫೀಸು 40 ಲಕ್ಷ, ಗವರ್ನೆನ್ಸ್ ವರದಿಯಲ್ಲಿ ಒಟ್ಟು 1 ಕೋಟಿ 30 ಲಕ್ಷ ಎಂದಿದೆ ಎಂದುಕೊಳ್ಳಿ. ಉಳಿದ 90 ಲಕ್ಷ ಯಾವುದಕ್ಕೆ? ಅಂಗಸಂಸ್ಥೆಗಳ ಆಡಿಟ್‌ಗೆ ಆಗಿದ್ದರೆ ಚಿಂತೆಯಿಲ್ಲ. ಬೇರೆ ಸೇವೆಗಳಿಗೆ ಆಗಿದ್ದರೆ ಗುರುತು ಹಾಕಿಕೊಳ್ಳಿ. ಆಡಿಟ್ ಅಲ್ಲದ ಫೀಸು ಆಡಿಟ್ ಫೀಸನ್ನು ದಾಟಿದರೆ ಕಾನೂನು ಮುರಿದಂತೆ ಅಲ್ಲ. ಆದರೆ ನಾನಾದರೆ ಆ ಕಂಪನಿಯ ಆಡಿಟ್ ಸಮಿತಿಯನ್ನು ಕೇಳದೇ ಬಿಡುವುದಿಲ್ಲ.

ಉಲ್ಟಾ ಕಡೆಯೂ ನೋಡಿ. ವಹಿವಾಟು ಮೂರು ವರ್ಷದಲ್ಲಿ ಎರಡು ಪಟ್ಟಾಗಿದೆ, ಹೊಸ ಅಂಗಸಂಸ್ಥೆಗಳು ಬಂದಿವೆ, ಆಡಿಟ್ ಫೀಸು ಮಾತ್ರ ಇದ್ದಲ್ಲೇ ಇದೆ ಅಥವಾ ಹೊಸ ಆಡಿಟರ್ ಬಂದ ಮೇಲೆ ಅರ್ಧಕ್ಕಿಳಿದಿದೆ. ಕಡಿಮೆ ದುಡ್ಡಿಗೆ ಕಡಿಮೆ ಜನ, ಕಡಿಮೆ ದಿನ ಸಿಗುವುದು. ಆಡಿಟರ್ ಬದಲಾಗುವ ವರ್ಷ ಮಹಾಸಭೆಯ ನೋಟಿಸಿನಲ್ಲಿ ಹೊಸಬರ ಫೀಸು, ಹಳಬರ ಫೀಸಿಗೂ ಅದಕ್ಕೂ ಗಣನೀಯ ವ್ಯತ್ಯಾಸವಿದ್ದರೆ ಕಾರಣ, ಅವರನ್ನೇ ಆರಿಸಿದ್ದೇಕೆ ಎಂಬುದನ್ನು ಬರೆಯಬೇಕು. ಅಲ್ಲಿ 'ಪರಸ್ಪರ ಒಪ್ಪಿಗೆಯಂತೆ' ಎಂದಷ್ಟೇ ಇದ್ದರೆ ಕೇಳುವ ಹಕ್ಕು ನಿಮಗಿದೆ.

ಹಣದ ಸಂಬಂಧ ಫೀಸಿನಲ್ಲಿ ಮಾತ್ರ ಇರುವುದಿಲ್ಲ. 141ನೇ ಸೆಕ್ಷನ್ ಪ್ರಕಾರ ಆಡಿಟರ್ ಆಗಲಿ ಅವರ ಪಾಲುದಾರರಾಗಲಿ ಆ ಕಂಪನಿಯ ಒಂದು ಷೇರನ್ನೂ ಇಟ್ಟುಕೊಳ್ಳುವಂತಿಲ್ಲ. ಸಂಬಂಧಿಕರಿಗೆ ಮುಖಬೆಲೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಿಯಾಯಿತಿ ಇದೆ. ಕಂಪನಿಗೆ 5 ಲಕ್ಷಕ್ಕಿಂತ ಹೆಚ್ಚು ಸಾಲಗಾರರಾಗಿರಬಾರದು. ಹತ್ತಿರದ ಸಂಬಂಧಿಕರು ಅಲ್ಲಿ ನಿರ್ದೇಶಕರಾಗಿರಬಾರದು. ಇದನ್ನೆಲ್ಲ ಹೊರಗಿನಿಂದ ಪತ್ತೆ ಮಾಡುವುದು ಕಷ್ಟ. ಆದರೂ ನಿರ್ದೇಶಕರ ಪರಿಚಯದ ಪುಟ ಓದಿ. ಹಣಕಾಸು ಮುಖ್ಯಸ್ಥರು ಅಥವಾ ಆಡಿಟ್ ಸಮಿತಿಯ ಅಧ್ಯಕ್ಷರು ಹಿಂದೆ ಇದೇ ಆಡಿಟ್ ಸಂಸ್ಥೆಯಲ್ಲಿ ಪಾಲುದಾರರಾಗಿದ್ದರೆ ಅಲ್ಲಿ ಕಾಣುತ್ತದೆ.

ಈಗ ವರದಿಯನ್ನು ಓದಿ, ಷರಾ ಹುಡುಕಿ

ಮೊದಲ ಪ್ಯಾರಾದ ಶೀರ್ಷಿಕೆಯೇ ಅರ್ಧ ಕಥೆ ಹೇಳುತ್ತದೆ. 'ಒಪೀನಿಯನ್' ಎಂದಷ್ಟೇ ಇದ್ದರೆ ಆಡಿಟರ್‌ಗೆ ತಕರಾರಿಲ್ಲ. 'ಕ್ವಾಲಿಫೈಡ್ ಒಪೀನಿಯನ್' ಎಂದಿದ್ದರೆ ಒಂದು ನಿರ್ದಿಷ್ಟ ವಿಷಯದಲ್ಲಿ ತಕರಾರು ಇದೆ, ಷರಾ ಬರೆದಿದ್ದಾರೆ. 'ಅಡ್ವರ್ಸ್' ಎಂದರೆ ಲೆಕ್ಕ ಒಟ್ಟಾರೆಯಾಗಿಯೇ ಸರಿಯಿಲ್ಲ ಎಂದು ಹೇಳುತ್ತಿದ್ದಾರೆ. 'ಡಿಸ್‌ಕ್ಲೇಮರ್' ಎಂದರೆ ಅಭಿಪ್ರಾಯ ಕೊಡಲು ಬೇಕಾದಷ್ಟು ಸಾಕ್ಷ್ಯವೇ ಸಿಗಲಿಲ್ಲ ಎಂದು ಕೈ ಎತ್ತಿದ್ದಾರೆ. ಕ್ವಾಲಿಫೈಡ್ ಎಂಬ ಮಾತು ಕೇಳಿ ಒಳ್ಳೆಯದು ಎಂದುಕೊಳ್ಳುವವರು ಇದ್ದಾರೆ, ಹಾಗಲ್ಲ.

ಷರಾ ಇದ್ದರೆ ಅದರಿಂದ ಲಾಭಕ್ಕೆ, ಆಸ್ತಿಗೆ ಎಷ್ಟು ಪೆಟ್ಟು ಎಂಬ ಪಟ್ಟಿಯನ್ನು ಲಿಸ್ಟೆಡ್ ಕಂಪನಿ ತನ್ನ ವಾರ್ಷಿಕ ಫಲಿತಾಂಶದ ಜೊತೆಯಲ್ಲೇ ಷೇರುಪೇಟೆಗೆ ಕೊಡಬೇಕು. ಅದನ್ನು ತೆಗೆದು ನೋಡಿ. ಒಂದೇ ಷರಾ ಮೂರು ವರ್ಷ ಹಾಗೇ ಮುಂದುವರಿದಿದ್ದರೆ, ಕಂಪನಿ ಅದನ್ನು ಸರಿಮಾಡುವ ಮನಸ್ಸಿನಲ್ಲಿಲ್ಲ ಎಂದು ತಿಳಿಯಿರಿ.

ಷರಾ ಇಲ್ಲದ ವರದಿಯಲ್ಲೂ ಮೂರು ಜಾಗ ಓದಲೇಬೇಕು. 'ಎಂಫಸಿಸ್ ಆಫ್ ಮ್ಯಾಟರ್' ಎಂದರೆ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಈ ಟಿಪ್ಪಣಿಯನ್ನು ನೀವು ಗಮನಿಸಿ ಎಂದು ಬೊಟ್ಟು ಮಾಡುವುದು. 'ಗೋಯಿಂಗ್ ಕನ್ಸರ್ನ್' ಎಂಬ ತಲೆಬರಹ ಬಂದರೆ ಕಂಪನಿ ಮುಂದೆ ನಡೆಯುವ ಬಗ್ಗೆಯೇ ಅನುಮಾನ ಇದೆ. ಮೂರನೆಯದು 'ಕೀ ಆಡಿಟ್ ಮ್ಯಾಟರ್ಸ್'. ಲಿಸ್ಟೆಡ್ ಕಂಪನಿಗಳಲ್ಲಿ 2018-19ರ ಲೆಕ್ಕದಿಂದ ಇದು ಕಡ್ಡಾಯ. ತಮಗೆ ಅತಿ ಹೆಚ್ಚು ತಲೆಕೆಡಿಸಿದ ವಿಷಯ ಯಾವುದು, ಅದನ್ನು ಹೇಗೆ ಪರೀಕ್ಷಿಸಿದೆವು ಎಂದು ಆಡಿಟರ್ ಇಲ್ಲಿ ಬರೆಯುತ್ತಾರೆ. ಮೂರು ವರ್ಷದ ಈ ಭಾಗವನ್ನು ಒಟ್ಟಿಗೆ ಓದಿ. ವ್ಯಾಪಾರ ಬದಲಾದರೂ ಪದಕ್ಕೆ ಪದ ಅದೇ ಇದ್ದರೆ ಕೆಲಸ ಯಾಂತ್ರಿಕವಾಗಿದೆ. ಆ ಕಂಪನಿಗೇ ಸೇರಿದ ವಿವರ, ಅಂಕಿ ಇದ್ದರೆ ಯಾರೋ ಕೂತು ಯೋಚಿಸಿದ್ದಾರೆ ಎಂದು ಅರ್ಥ.

ಅನುಬಂಧ ಬಿಡಬೇಡಿ

ಮುಖ್ಯ ವರದಿ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಅನುಬಂಧ ಬರುತ್ತದೆ. ಆಡಿಟ್ ವರದಿಯಲ್ಲಿ ಏನೇನು ಹೇಳಬೇಕು ಎಂದು ಸರ್ಕಾರ ಹೊರಡಿಸಿದ ಕಾರೋ 2020 ಎಂಬ ಆದೇಶದ ಪ್ರಕಾರ ಬರೆಯುವ ಉತ್ತರಗಳು ಅವು. ಹೌದು-ಇಲ್ಲ ಎಂದು ನೇರವಾಗಿ ಹೇಳಬೇಕಾದ ಪ್ರಶ್ನೆಗಳಾದ್ದರಿಂದ ಜಾರಿಕೊಳ್ಳಲು ಜಾಗ ಕಡಿಮೆ. ಮುಖ್ಯ ವರದಿಯಲ್ಲಿ ಎಲ್ಲ ಚೆಂದ ಎಂದು ಬರೆದವರೂ ಇಲ್ಲಿ ನಿಜ ಬರೆದಿರುತ್ತಾರೆ.

ಎಲ್ಲವನ್ನೂ ಓದಲು ಆಗದಿದ್ದರೆ ಇಷ್ಟಾದರೂ ನೋಡಿ. ಎರಡನೇ ಅಂಶದಲ್ಲಿ, ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ದಾಸ್ತಾನಿನ ಲೆಕ್ಕ ಕಂಪನಿಯ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದಿರುತ್ತದೆ. ಬ್ಯಾಂಕಿಗೊಂದು ಲೆಕ್ಕ, ನಮಗೊಂದು ಲೆಕ್ಕ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದರಲ್ಲಿ ಬೇರೆಯವರಿಗೆ ಕೊಟ್ಟ ಸಾಲ, ಅದು ವಾಪಸ್ ಬರುತ್ತಿದೆಯೇ ಎಂಬುದು. ಏಳನೆಯದರಲ್ಲಿ ಪಿಎಫ್, ಜಿಎಸ್‌ಟಿಯಂಥ ಬಾಕಿ. ಕೆಲಸಗಾರರ ಪಿಎಫ್ ಕಟ್ಟಲು ದುಡ್ಡಿಲ್ಲದ ಕಂಪನಿ ಕಾಗದದ ಮೇಲೆ ಲಾಭ ತೋರಿಸುತ್ತಿದ್ದರೆ ಯಾವುದನ್ನು ನಂಬಬೇಕು? ಒಂಬತ್ತನೆಯದರಲ್ಲಿ ಸಾಲದ ಕಂತು ತಪ್ಪಿದ್ದು. ಹನ್ನೊಂದನೆಯದರಲ್ಲಿ ವಂಚನೆ ಮತ್ತು ಒಳಗಿನವರು ಕೊಟ್ಟ ದೂರುಗಳು. 1 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ವಂಚನೆ ಕಂಡರೆ ಆಡಿಟರ್ ಅದನ್ನು ಕೇಂದ್ರ ಸರ್ಕಾರಕ್ಕೇ ತಿಳಿಸಬೇಕು ಎಂದು ಕಾನೂನಿದೆ. ಹದಿನೆಂಟನೆಯದು, ವರ್ಷದ ನಡುವೆ ಹಿಂದಿನ ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ ಅವರ ಆಕ್ಷೇಪಗಳನ್ನು ಹೊಸಬರು ಪರಿಗಣಿಸಿದರೇ ಎಂಬುದು.

ಅಂಗಸಂಸ್ಥೆಗಳ ಕಡೆ ಹಣ ಎಲ್ಲಿ ಹೋಯಿತು

ಮಾತೃ ಕಂಪನಿಯ ಲೆಕ್ಕ ಶುಭ್ರವಾಗಿದ್ದು, ಹಣ ಅಂಗಸಂಸ್ಥೆಯ ಬಾಗಿಲಿನಿಂದ ಹೊರಗೆ ಹೋಗುವುದುಂಟು. ನಮ್ಮ ರಾಜ್ಯದವರಿಗೆ ಇದು ದೂರದ ಮಾತಲ್ಲ. ಕಾಫಿ ಡೇ ಎಂಟರ್‌ಪ್ರೈಸಸ್ ವಿಷಯದಲ್ಲಿ ಸೆಬಿ 2023ರ ಜನವರಿಯಲ್ಲಿ ಕೊಟ್ಟ ಆದೇಶ ಹೇಳಿದ್ದು ಇದನ್ನೇ: 7 ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ, ಪ್ರವರ್ತಕರಿಗೆ ಸೇರಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಕಂಪನಿಗೆ ಹೋಗಿತ್ತು. ಸೆಬಿ 26 ಕೋಟಿ ದಂಡ ವಿಧಿಸಿತು. ಆ ಗುಂಪಿನ ಕೆಲವು ಕಂಪನಿಗಳ ಆಡಿಟರ್‌ಗಳ ಮೇಲೂ ಎನ್‌ಎಫ್‌ಆರ್‌ಎ ದಂಡ ಹಾಕಿ, ಕೆಲವು ವರ್ಷ ಆಡಿಟ್ ಮಾಡದಂತೆ ತಡೆಯಿತು. ಚಿಕ್ಕಮಗಳೂರಿನ ಎಷ್ಟೋ ಬೆಳೆಗಾರರ, ಕೆಲಸಗಾರರ ಬದುಕು ಆ ಹೆಸರಿನ ಜೊತೆ ಬೆಸೆದುಕೊಂಡಿತ್ತು. ಹಾಗಾಗಿ ಅಂಗಸಂಸ್ಥೆಯ ಲೆಕ್ಕ ಓದಿ ಎಂದು ನಾನು ಒತ್ತಿ ಹೇಳುತ್ತೇನೆ.

ಓದುವುದು ಎಲ್ಲಿ? ಒಟ್ಟು ಲೆಕ್ಕದ ಆಡಿಟ್ ವರದಿಯಲ್ಲಿ 'ಅದರ್ ಮ್ಯಾಟರ್ಸ್' ಎಂಬ ಭಾಗ ಹುಡುಕಿ. ಇಷ್ಟು ಅಂಗಸಂಸ್ಥೆಗಳ ಲೆಕ್ಕವನ್ನು ನಾವು ನೋಡಿಲ್ಲ, ಬೇರೆ ಆಡಿಟರ್‌ಗಳು ನೋಡಿದ್ದಾರೆ, ಅವುಗಳ ಒಟ್ಟು ಆಸ್ತಿ ಇಷ್ಟು, ಆದಾಯ ಇಷ್ಟು ಎಂದು ಮುಖ್ಯ ಆಡಿಟರ್ ಅಲ್ಲಿ ಹೇಳುತ್ತಾರೆ. ಗುಂಪಿನ ಅರ್ಧಕ್ಕಿಂತ ಹೆಚ್ಚು ಆಸ್ತಿ ಹೀಗೆ ಬೇರೆಯವರ ಕೈಯಲ್ಲಿದ್ದರೆ, ಮುಖಪುಟದ ದೊಡ್ಡ ಹೆಸರನ್ನು ನಂಬಿ ಸುಮ್ನೆ ಕೂರುವಂತಿಲ್ಲ. ಪ್ರತಿ ಅಂಗಸಂಸ್ಥೆಯ ಆಡಿಟ್ ಆದ ಲೆಕ್ಕವನ್ನೂ ಲಿಸ್ಟೆಡ್ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನು ತೆರೆದು, ಸಂಬಂಧಪಟ್ಟ ವ್ಯಕ್ತಿ-ಕಂಪನಿಗಳ ಜೊತೆಗಿನ ವ್ಯವಹಾರದ ಟಿಪ್ಪಣಿಗೆ ಹೋಗಿ. ಪ್ರವರ್ತಕರ ಖಾಸಗಿ ಕಂಪನಿಗೆ ಮುಂಗಡ, ಸಾಲ ಎಂದು ಹೋದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ? ಬಡ್ಡಿ ಬಂದಿದೆಯೇ? ವರ್ಷದ ಕೊನೆಯಲ್ಲಿ ತೀರಿಸಿದಂತೆ ತೋರಿಸಿ, ಹೊಸ ವರ್ಷದಲ್ಲಿ ಮತ್ತೆ ಕೊಟ್ಟಿದ್ದಾರೆಯೇ?

ಸತ್ಯಂ ಕಲಿಸಿದ ಪರೀಕ್ಷೆಯನ್ನೂ ಇಲ್ಲೇ ಮಾಡಿ. ಕಂಪನಿಯ ಬಳಿ ನೂರಾರು ಕೋಟಿ ನಗದಿದೆ ಎನ್ನುತ್ತಾರೆ, ಜೊತೆಗೆ ದುಬಾರಿ ಬಡ್ಡಿಗೆ ಸಾಲವನ್ನೂ ಮಾಡಿದ್ದಾರೆ. ಯಾಕೆ? ಒಳ್ಳೆಯ ಉತ್ತರ ಇರಬಹುದು. ಆದರೆ ಉತ್ತರ ವರದಿಯಲ್ಲಿ ಕಾಣಬೇಕು.

ಆಡಿಟರ್ ನಡುವೆ ಎದ್ದುಹೋದರೆ

ಎಲ್ಲ ಲಕ್ಷಣಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ. ಅವಧಿ ಮುಗಿದು ಹೋಗುವುದು ಸಹಜ. ಅವಧಿ ಇನ್ನೂ ಇರುವಾಗ, ಅದೂ ವರ್ಷದ ಲೆಕ್ಕಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ಹೋದರೆ ಏನೋ ಆಗಿದೆ.

2018ರ ಮೇ ತಿಂಗಳಲ್ಲಿ ಗುಜರಾತಿನ ಮಾವಿನ ಜ್ಯೂಸ್ ಕಂಪನಿ ಮನ್‌ಪಸಂದ್ ಬೆವರೇಜಸ್‌ನಿಂದ ಆಡಿಟ್ ಸಂಸ್ಥೆ ಡೆಲಾಯ್ಟ್ ಹೊರಬಂತು. ವರ್ಷದ ಫಲಿತಾಂಶ ಪ್ರಕಟಿಸಲು ಕೆಲವೇ ದಿನ ಉಳಿದಿತ್ತು. ಕೇಳಿದ ಮಹತ್ವದ ಮಾಹಿತಿಯನ್ನು ಕಂಪನಿ ಕೊಡಲಿಲ್ಲ ಎಂಬುದು ಆಡಿಟರ್ ಕೊಟ್ಟ ಕಾರಣ. ಷೇರು ದಿನದಿಂದ ದಿನಕ್ಕೆ, ಒಂದು ದಿನದಲ್ಲಿ ಬೀಳಬಹುದಾದ ಕೆಳಗಿನ ಮಿತಿಗೆ ಬಡಿಯುತ್ತ ಬಿತ್ತು. ಒಂದು ವರ್ಷದ ನಂತರ ಜಿಎಸ್‌ಟಿ ಅಧಿಕಾರಿಗಳು ಕಂಪನಿಯ ಉನ್ನತ ಅಧಿಕಾರಿಗಳನ್ನು ಬಂಧಿಸಿದರು.

ಇಂಥ ಪ್ರಕರಣಗಳ ನಂತರ ಸೆಬಿ 2019ರ ಅಕ್ಟೋಬರ್ 18ರಂದು ಸುತ್ತೋಲೆ ಹೊರಡಿಸಿತು. ತ್ರೈಮಾಸಿಕ ಮುಗಿದು 45 ದಿನದೊಳಗೆ ರಾಜೀನಾಮೆ ಕೊಟ್ಟರೆ ಆ ತ್ರೈಮಾಸಿಕದ ವರದಿ ಕೊಟ್ಟೇ ಹೋಗಬೇಕು. 45 ದಿನ ದಾಟಿದ್ದರೆ ಮುಂದಿನ ತ್ರೈಮಾಸಿಕದ್ದನ್ನೂ ಕೊಡಬೇಕು. ಮೂರು ತ್ರೈಮಾಸಿಕಕ್ಕೆ ಸಹಿ ಹಾಕಿದ್ದರೆ ವರ್ಷದ ಆಡಿಟ್ ಪೂರ್ತಿ ಮುಗಿಸಿಯೇ ಹೋಗಬೇಕು. ಕಾರಣವನ್ನು ಕಂಪನಿ 24 ಗಂಟೆಯೊಳಗೆ ಷೇರುಪೇಟೆಗೆ ತಿಳಿಸಬೇಕು.

ಆ ಪತ್ರವನ್ನು ಬಿಎಸ್‌ಇ ಪುಟದಲ್ಲಿ ತೆಗೆದು ಓದಿ. 'ಬೇರೆ ಕೆಲಸಗಳ ಒತ್ತಡ', 'ಫೀಸಿನ ಬಗ್ಗೆ ಒಮ್ಮತ ಆಗಲಿಲ್ಲ', 'ಆರೋಗ್ಯದ ಕಾರಣ' ಎಂಬ ಮಾತು ಬಹಳ ಸಲ ಕಾಣುತ್ತದೆ. ನಿಜವೂ ಇರಬಹುದು. ಹಾಗಿರುವಾಗ ಸುತ್ತಮುತ್ತ ನೋಡಿ: ಅದೇ ಆರು ತಿಂಗಳಲ್ಲಿ ಹಣಕಾಸು ಮುಖ್ಯಸ್ಥರು ಹೋಗಿದ್ದಾರೆಯೇ, ಕಂಪನಿ ಸೆಕ್ರೆಟರಿ ಬದಲಾಗಿದ್ದಾರೆಯೇ, ಸ್ವತಂತ್ರ ನಿರ್ದೇಶಕರು 'ವೈಯಕ್ತಿಕ ಕಾರಣ' ಎಂದು ಬಿಟ್ಟಿದ್ದಾರೆಯೇ, ಫಲಿತಾಂಶ ತಡವಾಗಿದೆಯೇ. ಇದರಲ್ಲಿ ಎರಡು ಒಟ್ಟಿಗೆ ಕಂಡರೆ ಹೊಸದಾಗಿ ಹಣ ಹಾಕುವುದನ್ನು ನಿಲ್ಲಿಸಿ, ಹೊಸ ಆಡಿಟರ್‌ರ ಮೊದಲ ವರದಿ ಬರುವವರೆಗೆ ಕಾಯಿರಿ.

ಹೊಸಬರ ಹೆಸರು ತಿಳಿದ ಕೂಡಲೇ ಎನ್‌ಎಫ್‌ಆರ್‌ಎ ವೆಬ್‌ಸೈಟಿನಲ್ಲಿ ಹುಡುಕಿ. ಅದರ ಶಿಸ್ತುಕ್ರಮದ ಆದೇಶಗಳು, ದೊಡ್ಡ ಆಡಿಟ್ ಸಂಸ್ಥೆಗಳ ತಪಾಸಣಾ ವರದಿಗಳು ಎಲ್ಲರಿಗೂ ತೆರೆದಿವೆ. ಒಬ್ಬ ಆಡಿಟರ್‌ರನ್ನು 6 ತಿಂಗಳಿಂದ 10 ವರ್ಷದವರೆಗೆ ವೃತ್ತಿಯಿಂದ ದೂರ ಇಡುವ ಅಧಿಕಾರ ಅದಕ್ಕಿದೆ. ಆ ಆದೇಶಗಳಲ್ಲಿ ಒಂದೆರಡನ್ನು ಓದಿದರೆ ಆಡಿಟರ್‌ಗಳು ಎಲ್ಲಿ ಎಡವುತ್ತಾರೆ ಎಂಬುದು ಯಾವ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮತ ಮತ್ತು ಪ್ರಶ್ನೆ

ಮಹಾಸಭೆಯ ನೋಟಿಸು 21 ದಿನ ಮೊದಲೇ ಇಮೇಲ್‌ಗೆ ಬರುತ್ತದೆ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಷೇರು ಠೇವಣಿ ಸಂಸ್ಥೆಗಳ ಮೂಲಕ ಮನೆಯಿಂದಲೇ ಮತ ಹಾಕಬಹುದು. ಹತ್ತು ಷೇರು ಇದ್ದರೂ ಹಾಕಿ. ಪ್ರವರ್ತಕರ ಪಾಲು ಅರ್ಧಕ್ಕಿಂತ ಹೆಚ್ಚಿದ್ದರೆ ಆಡಿಟರ್ ನೇಮಕದ ನಿರ್ಣಯ ಹೇಗಿದ್ದರೂ ಪಾಸಾಗುತ್ತದೆ, ನಿಜ. ಆದರೂ ಸಭೆ ಮುಗಿದ ಮೇಲೆ ಬರುವ ಮತಗಳ ವಿವರ ನೋಡಿ. ಪ್ರವರ್ತಕರು, ಸಂಸ್ಥೆಗಳು, ಉಳಿದ ಸಾರ್ವಜನಿಕರು ಎಂದು ಬೇರೆ ಬೇರೆ ಸಾಲು ಇರುತ್ತದೆ. ಮ್ಯೂಚುವಲ್ ಫಂಡ್‌ಗಳಂಥ ಸಂಸ್ಥೆಗಳು ಆಡಿಟರ್ ನೇಮಕದ ವಿರುದ್ಧ ದೊಡ್ಡ ಪ್ರಮಾಣದಲ್ಲಿ ಮತ ಹಾಕಿದ್ದರೆ ಅವರು ಕಂಡದ್ದೇನು ಎಂದು ಹುಡುಕಬೇಕು.

ಸಭೆಗೆ ಆಡಿಟರ್ ಸ್ವತಃ ಅಥವಾ ಅರ್ಹ ಪ್ರತಿನಿಧಿಯ ಮೂಲಕ ಹಾಜರಿರಬೇಕು, ಕಂಪನಿ ವಿನಾಯಿತಿ ಕೊಟ್ಟರೆ ಬೇರೆ ಮಾತು. ವರದಿಯಲ್ಲಿನ ಪ್ರತಿಕೂಲ ಷರಾಗಳನ್ನು ಸಭೆಯಲ್ಲಿ ಓದಿ ಹೇಳಬೇಕು. ಮಾತಾಡಲು ಮೊದಲೇ ಹೆಸರು ನೋಂದಾಯಿಸುವ ಕ್ರಮ ನೋಟಿಸಿನಲ್ಲಿರುತ್ತದೆ. ಪ್ರಶ್ನೆಯನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಮೊದಲೇ ಕಂಪನಿ ಸೆಕ್ರೆಟರಿಗೆ ಕಳಿಸಿ. ಪುಟ ಸಂಖ್ಯೆ, ಟಿಪ್ಪಣಿ ಸಂಖ್ಯೆ ಹಾಕಿ. 'ಪುಟ ಇಷ್ಟರಲ್ಲಿ ಆಡಿಟ್ ಅಲ್ಲದ ಫೀಸು ಇಷ್ಟು ಎಂದಿದೆ. ಇದು ಯಾವ ಸೇವೆಗೆ, ಆಡಿಟ್ ಸಮಿತಿ ಯಾವ ದಿನ ಒಪ್ಪಿತು?' ಹೀಗೆ ಕೇಳಿದರೆ ಉತ್ತರ ತಪ್ಪಿಸುವುದು ಕಷ್ಟ. 'ಲೆಕ್ಕ ಸರಿಯಿದೆಯಾ?' ಎಂದರೆ 'ಇದೆ' ಎಂಬ ಉತ್ತರ ಬರುತ್ತದೆ, ಅಷ್ಟೇ.

ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇಟ್ಟವರಿಗೆ

ಷೇರಿನ ಗೊಡವೆಯೇ ಬೇಡ ಎನ್ನುವ ಎಷ್ಟೋ ಹಿರಿಯರ ಹಣ ಸಹಕಾರಿ ಬ್ಯಾಂಕುಗಳಲ್ಲಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬ ಠೇವಣಿದಾರ 35,000 ರೂಪಾಯಿ ಮಾತ್ರ ತೆಗೆಯಬಹುದು ಎಂದಾಗ ಜನ ಪಟ್ಟ ಪಾಡು ನಮಗೆ ಗೊತ್ತು. ಈಗ ನಗರ ಸಹಕಾರಿ ಬ್ಯಾಂಕುಗಳ ಆಡಿಟರ್ ನೇಮಕಕ್ಕೆ ರಿಸರ್ವ್ ಬ್ಯಾಂಕಿನ ಮುಂಚಿತ ಒಪ್ಪಿಗೆ ಬೇಕು. 2021ರ ಏಪ್ರಿಲ್‌ನ ಮಾರ್ಗಸೂಚಿಯ ಪ್ರಕಾರ ಒಂದು ಸಂಸ್ಥೆ ಸತತ 3 ವರ್ಷ ಮಾತ್ರ ಇರಬಹುದು, ಆಮೇಲೆ 6 ವರ್ಷ ದೂರ. ನೀವು ಸದಸ್ಯರಾಗಿದ್ದರೆ ವಾರ್ಷಿಕ ವರದಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ಆಡಿಟರ್ ಹೆಸರು, ಎನ್‌ಪಿಎ (ಸರಿಯಾಗಿ ವಾಪಸ್ ಬಾರದ ಸಾಲ) ಅಂಕಿ, ಷರಾ ಈ ಮೂರನ್ನು ಮೂರು ವರ್ಷಕ್ಕೆ ಬರೆದಿಟ್ಟುಕೊಳ್ಳಿ.

ತಪ್ಪು ಕಂಡರೆ ಎಲ್ಲಿಗೆ

ಮೊದಲು ಕಂಪನಿ ಸೆಕ್ರೆಟರಿಗೆ ಬರೆದು ಉತ್ತರ ಕೇಳಿ, ಪ್ರತಿ ಇಟ್ಟುಕೊಳ್ಳಿ. ಲಿಸ್ಟೆಡ್ ಕಂಪನಿಯ ಮೇಲಿನ ದೂರಿಗೆ ಸೆಬಿಯ ಸ್ಕೋರ್ಸ್ ಪೋರ್ಟಲ್ ಇದೆ. ದೂರು ತಲುಪಿದ 21 ದಿನದೊಳಗೆ ಕಂಪನಿ ಉತ್ತರ ಕೊಡಬೇಕು. ಆಡಿಟರ್ ವೃತ್ತಿಯಲ್ಲಿ ತಪ್ಪಿದ್ದಾರೆ ಎಂಬ ದೂರಾದರೆ ದಾರಿ ಬೇರೆ. ಲಿಸ್ಟೆಡ್ ಕಂಪನಿ, ಬ್ಯಾಂಕ್, ವಿಮಾ ಕಂಪನಿ, ಜೊತೆಗೆ 500 ಕೋಟಿ ಪಾವತಿಯಾದ ಬಂಡವಾಳ ಅಥವಾ 1,000 ಕೋಟಿ ವಹಿವಾಟು ಅಥವಾ 500 ಕೋಟಿ ಸಾಲ-ಠೇವಣಿ ಇರುವ ಪಬ್ಲಿಕ್ ಕಂಪನಿಗಳ ಆಡಿಟರ್‌ಗಳು ಎನ್‌ಎಫ್‌ಆರ್‌ಎ ವ್ಯಾಪ್ತಿಗೆ ಬರುತ್ತಾರೆ. ಉಳಿದವರ ಮೇಲಿನ ದೂರು ಐಸಿಎಐನ ಶಿಸ್ತು ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ನಿಗದಿತ ಫಾರ್ಮ್ ತುಂಬಿ, ಶುಲ್ಕ ಕಟ್ಟಬೇಕು.

ಎಲ್ಲಿಗೆ ಬರೆದರೂ ಅನುಮಾನವನ್ನು ಬರೆಯಬೇಡಿ, ಪುಟವನ್ನು ಬರೆಯಿರಿ. ಯಾವ ವರ್ಷದ ವರದಿ, ಯಾವ ಟಿಪ್ಪಣಿ, ಯಾವ ಎರಡು ಅಂಕಿ ತಾಳೆಯಾಗುತ್ತಿಲ್ಲ, ಕಂಪನಿ ಏನು ಉತ್ತರ ಕೊಟ್ಟಿತು ಎಂದು ಒಂದೇ ಹಾಳೆಯಲ್ಲಿ ಬರೆದು, ಆ ಪುಟಗಳ ಪ್ರತಿ ಲಗತ್ತಿಸಿ. ದೂರಿನ ನಂಬರ್ ಬಂದ ಮೇಲೆ ಅದನ್ನು ವಾರ್ಷಿಕ ವರದಿಗಳ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಡಿ. ಮುಂದಿನ ವರ್ಷದ ಮಹಾಸಭೆಗೆ ಪ್ರಶ್ನೆ ಬರೆಯುವಾಗ ಆ ನಂಬರನ್ನೂ ನಮೂದಿಸಬಹುದು.